‘ಏನೂ ಇಲ್ಲ’ ಎಂಬ ರೋಗನಿರ್ಣಯ

ಮಕ್ಕಳ ಡಾಕ್ಟರರ ಕೋಣೆಯಲ್ಲಿ ಆಗಾಗ ಕೇಳಿಬರುವ ಒಂದು ವಾಕ್ಯವಿದೆ: ‘ರಿಪೋರ್ಟ್ ಎಲ್ಲ ನಾರ್ಮಲ್, ಏನೂ ಇಲ್ಲ.’ ತಾಯಂದಿರು ಈ ಮಾತನ್ನು ಕೇಳಲೆಂದೇ ಹೋಗುತ್ತಾರೆ. ಕೇಳಿದ ಮೇಲೆ ಅವರ ಮುಖದಲ್ಲಿ ಮೂಡುವ ನೆಮ್ಮದಿ ಸುಳ್ಳೂ ಅಲ್ಲ. ಆದರೆ ಈ ವಾಕ್ಯವನ್ನು ಒಂದು ಪದ್ಯದ ಸಾಲಿನಂತೆ ಇನ್ನೊಮ್ಮೆ ಓದಿ ನೋಡಬೇಕು. ರಕ್ತದಲ್ಲಿ ಏನೂ ಇಲ್ಲ, ಮೂತ್ರದಲ್ಲಿ ಏನೂ ಇಲ್ಲ, ಸ್ಕ್ಯಾನಿಂಗಿನಲ್ಲಿ ಏನೂ ಇಲ್ಲ ಎನ್ನುವುದು ಒಂದು ಮಾತು. ಮಗುವಿಗೆ ಏನೂ ಇಲ್ಲ ಎನ್ನುವುದು ಬೇರೆಯದೇ ಮಾತು. ಮೊದಲನೆಯದು ಪರೀಕ್ಷೆಯ ಫಲಿತಾಂಶ, ಎರಡನೆಯದು ತೀರ್ಪು. ಈ ತೀರ್ಪು ಹೊರಬಿದ್ದ ಗಳಿಗೆಯಿಂದ ಮಗು ಮನೆಯವರ ಕಣ್ಣಿನಲ್ಲಿ ಸುಳ್ಳುಗಾರನಾಗುತ್ತದೆ. ‘ನಾಟಕ ಮಾಡಬೇಡ, ಡಾಕ್ಟ್ರೇ ಹೇಳಿದ್ದಾರಲ್ಲ ಏನೂ ಇಲ್ಲಾಂತ’ ಎಂಬ ಗದರಿಕೆ ಅಂದು ಸಂಜೆಯೇ ಶುರುವಾಗುತ್ತದೆ. ಮರುದಿನವೂ ಹೊಟ್ಟೆ ನೋಯುತ್ತದೆ. ಆದರೆ ಅದನ್ನು ಹೇಳಿಕೊಳ್ಳಲು ಈಗ ಯಾರೂ ಉಳಿದಿಲ್ಲ.

ನಾವು ವೈದ್ಯರಲ್ಲ. ಹೊರಗಿನ ಬೆಂಚಿನ ಮೇಲೆ ಟೋಕನ್ ಹಿಡಿದು ಕೂರುವವರ ಕಡೆಯಿಂದ ಇದನ್ನು ಬರೆಯುತ್ತಿದ್ದೇವೆ. ನಮ್ಮ ಕರಾವಳಿಯ ಯಾವುದೇ ಊರಿನ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ತಂದೆ ದಮ್ಮಾಮಿನಲ್ಲಿ, ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ಮನೆಯಲ್ಲಿ ಉಮ್ಮ, ಅಜ್ಜಿ, ಒಬ್ಬ ಸಣ್ಣ ತಮ್ಮ. ಸೋಮವಾರ ಬೆಳಿಗ್ಗೆ ಸರಿಯಾಗಿ ಶಾಲೆಯ ವ್ಯಾನು ಬರುವ ಹೊತ್ತಿಗೆ ಅವಳಿಗೆ ಹೊಟ್ಟೆನೋವು. ಮೊದಲು ಜಂತುಹುಳದ ಮಾತ್ರೆ ಆಯಿತು, ಆಮೇಲೆ ಗ್ಯಾಸ್ಟ್ರಿಕ್ಕಿನ ಸಿರಪ್ಪು, ಆಮೇಲೆ ಹಸಿವಿಗೊಂದು ಟಾನಿಕ್ಕು, ಕೊನೆಗೆ ಸ್ಕ್ಯಾನಿಂಗ್. ನಾಲ್ಕು ಸಲದ ಭೇಟಿಯಲ್ಲಿ ಅವಳ ಹೊಟ್ಟೆಯನ್ನು ನಾಲ್ಕು ಸಲ ಮುಟ್ಟಿ ನೋಡಿದ್ದಾರೆ. ರಜೆಯ ದಿನ ನೋಯುತ್ತದೆಯೇ ಎಂದು ಒಮ್ಮೆಯೂ ಕೇಳಿಲ್ಲ. ತಂದೆಯ ಫೋನು ಬಂದ ರಾತ್ರಿ ನಿದ್ದೆ ಬರುತ್ತದೆಯೇ, ವ್ಯಾನಿನಲ್ಲಿ ಪಕ್ಕ ಕೂರುವವರು ಯಾರು, ತರಗತಿಯಲ್ಲಿ ಏನು ನಡೆಯುತ್ತದೆ ಎಂಬ ಪ್ರಶ್ನೆಗಳು ಯಾವ ಚೀಟಿಯಲ್ಲೂ ಇಲ್ಲ. ಈ ಹುಡುಗಿ ಕಾಲ್ಪನಿಕ. ಆದರೆ ಓದುಗರಲ್ಲಿ ಬಹಳ ಮಂದಿಗೆ ಇವಳ ಮನೆ ಯಾವುದೆಂದು ಗೊತ್ತಿರುತ್ತದೆ.

ವೈದ್ಯಶಾಸ್ತ್ರಕ್ಕೆ ಈ ಹುಡುಗಿಯ ಪರಿಚಯವಿಲ್ಲ ಎಂದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನ ಮಕ್ಕಳ ವೈದ್ಯ ಜಾನ್ ಆಪ್ಲಿ 1958ರಲ್ಲೇ ತನ್ನ ಸಹೋದ್ಯೋಗಿ ನೈಶ್ ಜೊತೆ 1000 ಶಾಲಾಮಕ್ಕಳ ಸಮೀಕ್ಷೆಯೊಂದನ್ನು ಪ್ರಕಟಿಸಿದ್ದರು. ಹತ್ತರಲ್ಲಿ ಒಂದು ಮಗುವಿಗೆ ಮರುಕಳಿಸುವ ಹೊಟ್ಟೆನೋವು ಇತ್ತು. ಅಂಥ ಮಕ್ಕಳನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ ದೇಹದೊಳಗೆ ಕಾರಣ ಸಿಕ್ಕಿದ್ದು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ ಮಂದಿಗೆ. ಆಪ್ಲಿ ಇಷ್ಟಕ್ಕೆ ನಿಲ್ಲಿಸಲಿಲ್ಲ. ನೋವು ನಿಜ, ಮಗು ನಟಿಸುತ್ತಿಲ್ಲ, ಅದರ ಭಯ ಮತ್ತು ಆತಂಕ ಹೊಟ್ಟೆಯ ಮೂಲಕ ಮಾತನಾಡುತ್ತಿದೆ ಎಂಬುದು ಅವರ ವಾದದ ತಿರುಳಾಗಿತ್ತು. ನೋವು ಹೊಕ್ಕುಳಿನಿಂದ ದೂರವಾದಷ್ಟೂ ದೈಹಿಕ ಕಾರಣದ ಸಂಭವ ಹೆಚ್ಚು ಎಂಬ ಅವರ ಮಾತು ‘ಆಪ್ಲಿಯ ನಿಯಮ’ ಎಂಬ ಹೆಸರಿನಲ್ಲಿ ವೈದ್ಯ ವಿದ್ಯಾರ್ಥಿಗಳ ಬಾಯಲ್ಲಿ ಇಂದಿಗೂ ಇದೆ. ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಜ್ವರ, ಮಲದಲ್ಲಿ ರಕ್ತ ಇದ್ದರೆ ದೇಹದೊಳಗೆ ಹುಡುಕಲೇಬೇಕು ಎಂಬುದನ್ನೂ ಅವರು ಚೆನ್ನಾಗಿ ಬಲ್ಲರು. ಇದೆಲ್ಲ ಹುಡುಕಿ ಏನೂ ಸಿಗದಿದ್ದಾಗ ಮುಂದೇನು ಮಾತನಾಡಬೇಕು ಎಂಬಲ್ಲಿ ಪಾಠ ನಿಂತುಬಿಡುತ್ತದೆ. ಆಪ್ಲಿಯ ಅರ್ಧವನ್ನು ಕಂಠಪಾಠ ಮಾಡಿ ಇನ್ನರ್ಧವನ್ನು ಲೈಬ್ರರಿಯಲ್ಲೇ ಬಿಟ್ಟು ಬಂದಂತಾಯಿತು.

ಇದೇನು ಅಪರೂಪದ ಸಂಗತಿಯೇ? ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ ಮತ್ತು ಸುತ್ತಲ ಹಳ್ಳಿಗಳಲ್ಲಿ 16 ವರ್ಷದೊಳಗಿನ 2064 ಮಕ್ಕಳನ್ನು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶೇಕಡಾ 12.5ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆಯಿತ್ತು. ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣ. ಬಡವರ ಮಕ್ಕಳಿಗೆ ಇಂಥದೆಲ್ಲ ಬರುವುದಿಲ್ಲ ಎಂದು ಹೇಳುವವರು ಈ ವರದಿ ನೋಡಬೇಕು. ಮುಂದೆ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಈ ಪ್ರಮಾಣ ಶೇಕಡಾ 7.3 ಎಂದಿತು. (ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಪ್ರಾಯೋಗಿಕವಾಗಿ ನಡೆಸಿ ನೋಡಿದ್ದಷ್ಟೇ ನಮ್ಮ ಪಾಲು. ಸಮೀಕ್ಷೆಯ ಹೊಣೆ ಹೊತ್ತ ಸಂಸ್ಥೆ ಮಾತ್ರ ನಮ್ಮದೇ ನಿಮ್ಹಾನ್ಸ್!) ಎರಡು ಲೆಕ್ಕಗಳಲ್ಲಿ ವಯಸ್ಸು ಬೇರೆ, ವಿಧಾನ ಬೇರೆ. ಯಾವುದನ್ನು ಹಿಡಿದರೂ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಮೂರೋ ಐದೋ ಮಕ್ಕಳು ಲೆಕ್ಕಕ್ಕೆ ಸಿಗುತ್ತಾರೆ. ಮಕ್ಕಳ ಮನೋವೈದ್ಯರಂತೂ ದೊಡ್ಡ ನಗರಗಳಾಚೆ ಹುಡುಕಿದರೂ ಸಿಗುವುದಿಲ್ಲ.

ಅಲ್ಲಿಗೆ ಪ್ರಶ್ನೆ ಸರಳವಾಗುತ್ತದೆ. ಈ ಮಕ್ಕಳು ಹೋಗುವುದೆಲ್ಲಿಗೆ? ಅವರು ಆಗಲೇ ಹೋಗುತ್ತಿದ್ದಾರೆ, ಮಕ್ಕಳ ಡಾಕ್ಟರ ಬಳಿಗೆ. ಲಸಿಕೆಗೆಂದು, ಕೆಮ್ಮಿಗೆಂದು, ಹೊಟ್ಟೆನೋವು ತಲೆನೋವಿಗೆಂದು ಹುಟ್ಟಿದಾರಭ್ಯ ಅದೇ ಬಾಗಿಲು. ಮಗುವಿನ ಮನೆಯ ಮೂರು ತಲೆಮಾರನ್ನು ಬಲ್ಲ ಹೊರಗಿನ ವ್ಯಕ್ತಿ ಅನೇಕ ಊರುಗಳಲ್ಲಿ ಆ ಡಾಕ್ಟರೊಬ್ಬರೇ. ಮನಸ್ಸಿನ ವಿಚಾರವನ್ನು ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಬೇರೊಂದಿಲ್ಲ. ಹಾಗಿದ್ದೂ ಕೇಳುವ ಕೌಶಲವನ್ನು ಅವರಿಗೆ ನಾವು ಕಲಿಸಿಲ್ಲ ಎನ್ನುವುದೇ ನಮ್ಮ ತಕರಾರು.

ಈ ಕಲಿಸದಿರುವಿಕೆಗೆ ಒಂದು ಇತಿಹಾಸವಿದೆ. ಮಾನಸಿಕ ಆರೋಗ್ಯವನ್ನು ಹುಚ್ಚಾಸ್ಪತ್ರೆಯ ಗೋಡೆಯಿಂದ ಹೊರತಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವ ಪ್ರಯೋಗದಲ್ಲಿ ಕರ್ನಾಟಕದ್ದು ದೊಡ್ಡ ಹೆಸರು. 1970ರ ದಶಕದಲ್ಲಿ ಬೆಂಗಳೂರು ಸಮೀಪದ ಸಕಲವಾರದಲ್ಲಿ ನಡೆದ ಕೆಲಸ, 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ, 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಶುರುವಾದ ಮಾದರಿ ಯೋಜನೆ, ಅದನ್ನು ನೋಡಿ 1996ರಿಂದ ದೇಶದಾದ್ಯಂತ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಇವೆಲ್ಲ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿಗಳೇ. ಸಾಮಾನ್ಯ ವೈದ್ಯರಿಗೆ ಕೆಲವೇ ದಿನಗಳ ತರಬೇತಿ ಕೊಟ್ಟು, ಸರಪಳಿಯಲ್ಲಿದ್ದವರಿಗೆ ಅವರ ಊರಲ್ಲೇ ಮಾತ್ರೆ ಸಿಗುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ.

ಆದರೆ ಆ ತರಬೇತಿ ಆರಿಸಿಕೊಂಡ ವಿಷಯಗಳನ್ನು ನೋಡಿ: ತೀವ್ರ ಮನೋರೋಗ, ಖಿನ್ನತೆ ಮುಂತಾದವು, ಮೂರ್ಛೆರೋಗ, ಮತ್ತು ಆಗಿನ ಭಾಷೆಯಲ್ಲಿ ‘ಬುದ್ಧಿಮಾಂದ್ಯತೆ’. ಮಗು ಈ ಪಟ್ಟಿಯೊಳಗೆ ಬರಬೇಕಾದರೆ ಒಂದೋ ಅದಕ್ಕೆ ಫಿಟ್ಸ್ ಬರಬೇಕು, ಇಲ್ಲವೇ ಬುದ್ಧಿ ಬೆಳೆದಿರಬಾರದು. ಊರಿನವರ ಕಣ್ಣಿಗೆ ಬೀಳುವ, ಊರಿಗೆ ತೊಂದರೆ ಎನಿಸುವ ಕಾಯಿಲೆಗಳಿಗೆ ಆದ್ಯತೆ ಸಿಕ್ಕಿತು. ಹೆದರಿಕೊಂಡು ಮೂಲೆಯಲ್ಲಿ ಕೂರುವ ಮಗು, ಹಾಸಿಗೆ ಒದ್ದೆ ಮಾಡಿಕೊಂಡು ಹೊಡೆತ ತಿನ್ನುವ ಮಗು, ಅಕ್ಷರಗಳು ಕಣ್ಣಮುಂದೆ ಕುಣಿಯುತ್ತಿದ್ದರೂ ದಡ್ಡನೆಂದು ಕರೆಸಿಕೊಳ್ಳುವ ಮಗು ಯಾರಿಗೂ ತೊಂದರೆ ಕೊಡುವುದಿಲ್ಲವಲ್ಲ! ಅಂದಿನ ಸಂಪನ್ಮೂಲದ ಮಿತಿಯಲ್ಲಿ ಆ ಆಯ್ಕೆ ಅನಿವಾರ್ಯವಾಗಿತ್ತೆಂದು ಒಪ್ಪೋಣ. ನಲವತ್ತು ವರ್ಷ ಕಳೆದ ಮೇಲೂ ಅದೇ ಚೌಕಟ್ಟು ನಮ್ಮ ಕಣ್ಣನ್ನು ಆಳುತ್ತಿದೆ ಎನ್ನುವುದನ್ನು ಒಪ್ಪುವುದು ಕಷ್ಟ. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ಏರ್ಪಾಟು ಮಾಡಿತು. ಒಳ್ಳೆಯದೇ. ಆದರೆ ಮಗುವಿಗೆ ಮಂಗಳವಾರ ಶಾಲೆಯಿರುತ್ತದೆ.

ಇನ್ನು ವೈದ್ಯ ಕಾಲೇಜು. ಭಾರತೀಯ ವೈದ್ಯಕೀಯ ಪರಿಷತ್ತಿನ 1997ರ ನಿಯಮಾವಳಿಯಲ್ಲಿ ಇಡೀ ಎಂಬಿಬಿಎಸ್ ವ್ಯಾಸಂಗದಲ್ಲಿ ಮನೋವೈದ್ಯ ವಿಭಾಗದ ವಾರ್ಡಿಗೆ ಮೀಸಲಿದ್ದದ್ದು ಎರಡು ವಾರ. 2019ರಿಂದ ಹೊಸ ಪಠ್ಯಕ್ರಮ ಬಂದಿದೆ, ಅವಧಿ ಹೆಚ್ಚಿದೆ, ಹೌಸ್‌ಮನ್‌ಶಿಪ್ಪಿನಲ್ಲೂ ಎರಡು ವಾರ ಕಡ್ಡಾಯವಾಗಿದೆ. ಜೊತೆಗೆ ನಡವಳಿಕೆ, ನೀತಿ ಮತ್ತು ಸಂವಹನವನ್ನು ಕಲಿಸುವ ಒಂದು ಪ್ರತ್ಯೇಕ ಭಾಗವನ್ನೇ ಸೇರಿಸಿದ್ದಾರೆ. ಸ್ವಾಗತಿಸೋಣ. ಆದರೆ ಮನೋವೈದ್ಯಕ್ಕೆ ಪ್ರತ್ಯೇಕ ಪರೀಕ್ಷೆಯಿಲ್ಲ. ಅದು ಜನರಲ್ ಮೆಡಿಸಿನ್ ಪತ್ರಿಕೆಯ ಒಂದು ಮೂಲೆಯಲ್ಲಿ ಪ್ರಶ್ನೆಯಾಗಿ ಉಳಿದಿದೆ. ಪರೀಕ್ಷೆಗೆ ಬಾರದ್ದನ್ನು ಓದುವ ವಿದ್ಯಾರ್ಥಿ ನಮ್ಮ ದೇಶದಲ್ಲಿ ಇನ್ನೂ ಹುಟ್ಟಬೇಕಾಗಿದೆ.

ಮಕ್ಕಳ ವೈದ್ಯಕೀಯದಲ್ಲಿ ಎಂಡಿ ಮಾಡುವವರಿಗೆ ಮೂರು ವರ್ಷ ಸಿಗುತ್ತದೆ. ಆ ಮೂರು ವರ್ಷ ಅವರು ಪಡುವ ಕಷ್ಟ ನಮಗೆ ಗೊತ್ತು. ಅವಧಿಗೆ ಮುನ್ನ ಹುಟ್ಟಿದ, ಅಂಗೈಯಗಲದ ಕೂಸುಗಳನ್ನು ರಾತ್ರಿಯಿಡೀ ಕಾದು ಬದುಕಿಸಿ ಕೊಡುವವರು ಇವರೇ. ಇವರ ಪುಸ್ತಕಗಳಲ್ಲಿ ಮಕ್ಕಳ ವರ್ತನೆಯ ಅಧ್ಯಾಯಗಳೂ ಇವೆ: ಮಣ್ಣು ತಿನ್ನುವುದು, ಉಸಿರು ಕಟ್ಟಿ ಅಳುವುದು, ಹಾಸಿಗೆಯಲ್ಲಿ ಮೂತ್ರ, ಉಗ್ಗು, ಆಟಿಸಂ. ಲಕ್ಷಣಗಳ ಪಟ್ಟಿ ಕೇಳಿದರೆ ಪಟಪಟನೆ ಹೇಳಿಯಾರು. ಆದರೆ ತಿಳಿವಳಿಕೆ ಬೇರೆ, ಕೌಶಲ ಬೇರೆ. ಕೂಸಿನ ತಲೆಯ ಸಣ್ಣ ನರಕ್ಕೆ ಸೂಜಿ ಚುಚ್ಚುವುದನ್ನು ಯಾವ ಪ್ರೊಫೆಸರರೂ ಬರೀ ಪುಸ್ತಕದಿಂದ ಕಲಿಸುವುದಿಲ್ಲ. ಪಕ್ಕದಲ್ಲಿ ನಿಂತು ಕೈ ಹಿಡಿದು ಮಾಡಿಸುತ್ತಾರೆ, ತಪ್ಪಿದರೆ ಬಯ್ಯುತ್ತಾರೆ. ಹೆದರಿದ ಮಗುವನ್ನು ಮಾತಿಗೆಳೆಯುವುದನ್ನು ಮಾತ್ರ ತಾನಾಗಿ ಬರುವ ವಿದ್ಯೆ ಎಂದು ಬಿಟ್ಟುಬಿಟ್ಟಿದ್ದಾರೆ. ‘ಅವರಿಗೆ ಕೈಗುಣ ಇದೆ’, ‘ಅವರದ್ದು ಒಳ್ಳೇ ಸ್ವಭಾವ’ ಎಂದು ನಾವು ರೋಗಿಗಳೂ ಅದಕ್ಕೆ ದನಿಗೂಡಿಸುತ್ತೇವೆ. ಸ್ವಭಾವವೆಂದು ಕರೆದೊಡನೆ ಕಲಿಸುವ ಹೊಣೆ ಯಾರದ್ದೂ ಆಗದೆ ಹೋಗುತ್ತದೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಮಕ್ಕಳ ವೈದ್ಯರಿಗೆ ಮಾನಸಿಕ ಆರೋಗ್ಯದಲ್ಲಿ ಏನೇನು ಬರಬೇಕು ಎಂದು ಅದು 2009ರಲ್ಲಿ ಒಂದು ನೀತಿಪತ್ರ ಹೊರಡಿಸಿತು, 2019ರಲ್ಲಿ ಅದನ್ನು ಪರಿಷ್ಕರಿಸಿತು. ಆ ಪತ್ರದಲ್ಲಿ ನಮಗೆ ಹಿಡಿಸಿದ್ದು ರೋಗಗಳ ಪಟ್ಟಿಯಲ್ಲ, ರೋಗದ ಹೆಸರು ಗೊತ್ತಾಗುವ ಮೊದಲೇ ಬಳಸಬಹುದಾದ ನಡೆಗಳಿಗೆ ಅದು ಕೊಟ್ಟ ಮಹತ್ವ. ಮನೆಯವರು ಹೇಳುವುದನ್ನು ತಡೆಯದೆ ಕೇಳುವುದು, ಅವರು ಬಳಸಿದ ಪದಗಳಲ್ಲೇ ತೊಂದರೆಯನ್ನು ಮತ್ತೆ ಹೇಳಿ ಸರಿಯೇ ಎಂದು ಕೇಳುವುದು, ಈವರೆಗೆ ಅವರು ಮಾಡಿದ್ದರಲ್ಲಿ ಸರಿಯಾದದ್ದನ್ನು ಗುರುತಿಸುವುದು, ಬುದ್ಧಿಮಾತಿಗೆ ಮೊದಲು ಒಪ್ಪಿಗೆ ಪಡೆಯುವುದು, ದೊಡ್ಡ ಪರಿಹಾರದ ಬದಲು ಈ ವಾರ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಒಟ್ಟಿಗೆ ಆರಿಸುವುದು, ಮತ್ತೆ ಯಾವಾಗ ಬರಬೇಕೆಂದು ಖಚಿತವಾಗಿ ಹೇಳುವುದು. ಓದಿದರೆ ಇಷ್ಟೇನಾ ಅನಿಸುತ್ತದೆ. ನಮ್ಮ ಯಾವ ಅಜ್ಜಿಯೂ ಇದನ್ನು ಹೇಳಿಯಾಳು. ಆದರೆ ಅಜ್ಜಿಗೆ ತೊಂಬತ್ತು ಟೋಕನ್ ಇರುವುದಿಲ್ಲ.

ಇದು ಕಲಿಸಿದರೆ ಬರುವ ವಿದ್ಯೆಯೇ? ಲಾರೆನ್ಸ್ ವಿಸ್ಸೋ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದನ್ನು ಪರೀಕ್ಷೆಗೇ ಒಡ್ಡಿದರು. ಕೆಲವು ಕ್ಲಿನಿಕ್ಕುಗಳ ವೈದ್ಯರಿಗೆ ಒಂದೊಂದು ಗಂಟೆಯ ಮೂರು ಚರ್ಚೆಗಳು, ಪ್ರತಿ ಚರ್ಚೆಯ ನಂತರ ರೋಗಿಯ ಪಾತ್ರ ವಹಿಸಿದವರೊಂದಿಗೆ ಅಭ್ಯಾಸ. ಇಷ್ಟೇ ತರಬೇತಿ. ಆರು ತಿಂಗಳ ನಂತರ ತರಬೇತಿ ಇಲ್ಲದ ವೈದ್ಯರ ಬಳಿ ಹೋದವರೊಂದಿಗೆ ಹೋಲಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿದೆ. ತರಬೇತಾದ ವೈದ್ಯರನ್ನು ಕಂಡ ಮಕ್ಕಳ ತಂದೆತಾಯಂದಿರ ಮಾನಸಿಕ ಬಳಲಿಕೆ ಹೆಚ್ಚು ಇಳಿದಿತ್ತು. ಮಕ್ಕಳ ವಿಷಯದಲ್ಲಿ, ಲಕ್ಷಣಗಳೇನೂ ಹೆಚ್ಚು ಕಡಿಮೆಯಾಗಿರಲಿಲ್ಲ. ಆದರೆ ಮನೆ ಶಾಲೆಗಳಲ್ಲಿ ಬದುಕು ಸಾಗಿಸುವ ಕಷ್ಟ ಅಲ್ಪಸಂಖ್ಯಾತ ಸಮುದಾಯದ ಮಕ್ಕಳಲ್ಲಿ ಗಮನಾರ್ಹವಾಗಿ ತಗ್ಗಿತ್ತು. ಬಿಳಿಯ ಮಕ್ಕಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ಅಂಶದ ಮುಂದೆ ನಾವು ಸ್ವಲ್ಪ ಹೊತ್ತು ನಿಂತೆವು. ಅಲ್ಲಿನ ಅಲ್ಪಸಂಖ್ಯಾತರು ಬೇರೆ, ಇಲ್ಲಿಯವರು ಬೇರೆ. ಒಂದು ದೇಶದ ಫಲಿತಾಂಶವನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸುವಂತಿಲ್ಲ. ಆದರೂ ವೈದ್ಯರ ಕೋಣೆಯಲ್ಲಿ ಈವರೆಗೆ ಕಡಿಮೆ ಕೇಳಿಸಿಕೊಂಡವರಿಗೇ ಕೇಳುವ ಕೌಶಲದಿಂದ ಹೆಚ್ಚು ಲಾಭವಾಗಿರಬಹುದು ಎಂಬ ಊಹೆ ಅಸಂಗತವೇನಲ್ಲ. ಬುರ್ಖಾ ತೊಟ್ಟ ತಾಯಿ, ತಾಂಡಾದಿಂದ ಬಂದ ತಾಯಿ, ಕೂಲಿಗೆ ವಲಸೆ ಬಂದ ತಾಯಿ ಡಾಕ್ಟರ ಎದುರು ಎಷ್ಟು ವಾಕ್ಯ ಮಾತನಾಡುತ್ತಾಳೆ, ಅದರಲ್ಲಿ ಎಷ್ಟು ಬರೀ ‘ಹೂಂ ಸಾರ್’ ಎಂಬುದನ್ನು ಯಾವುದೇ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಬೆಳಿಗ್ಗೆ ಕೂತರೆ ಎಣಿಸಬಹುದು.

ಭಾಷೆಯ ಪ್ರಶ್ನೆ ಇಲ್ಲೇ ಎದುರಾಗುತ್ತದೆ. ‘ಬೇಜಾರು’ ಎಂಬ ಒಂದು ಪದ ಸಾಕು. ಮಂಗಳೂರು ಕಡೆಯ ಮಗು ‘ಬೇಜಾರಾಗ್ತದೆ’ ಎಂದರೆ ಅದಕ್ಕೆ ದುಃಖವಾಗಿದೆ ಎಂದರ್ಥ. ಮೈಸೂರು ಸೀಮೆಯಿಂದ ವರ್ಗವಾಗಿ ಬಂದ ವೈದ್ಯರ ಕಿವಿಗೆ ಅದು ಹೊತ್ತು ಹೋಗುತ್ತಿಲ್ಲ ಎಂದು ಕೇಳಿಸೀತು. ಆಟ ಆಡಿಸಿ ಎಂಬ ಸಲಹೆ ಕೊಟ್ಟು ಕಳಿಸಿಯಾರು. ಕಲಬುರಗಿಯ ಮಗು ದಖನಿಯಲ್ಲಿ ‘ದಿಲ್ ಘಬರಾತಾ’ ಎಂದದ್ದು ಚೀಟಿಯಲ್ಲಿ ಎದೆಬಡಿತದ ದೂರಾಗಿ ದಾಖಲಾಗಿ ಇಸಿಜಿ ಬರೆಸಿಕೊಂಡು ಬರಬಹುದು. ಬ್ಯಾರಿ, ತುಳು, ಕೊಂಕಣಿ, ಲಂಬಾಣಿ ಮಾತನಾಡುವ ಮನೆಗಳಲ್ಲಿ ದುಗುಡಕ್ಕೂ ಅಂಜಿಕೆಗೂ ಬೇರೆಬೇರೆ ಪದಗಳಿವೆ. ಅವೆಲ್ಲವೂ ದೇಹದ ಯಾವುದೋ ಭಾಗದ ಹೆಸರು ಹಿಡಿದೇ ಬರುತ್ತವೆ. ಡಾಕ್ಟರರು ಐದೂವರೆ ವರ್ಷ ಇಂಗ್ಲಿಷಿನಲ್ಲಿ ಓದಿರುತ್ತಾರೆ. ‘ಆಂಗ್ಸೈಟಿ’ ಎಂಬುದನ್ನು ಏಳು ವರ್ಷದ ಮಗುವಿಗೆ ಅರ್ಥವಾಗುವ ಕನ್ನಡದಲ್ಲಿ ಕೇಳುವುದು ಹೇಗೆಂದು ಯಾವ ಕಾಲೇಜಿನಲ್ಲೂ ಅವರು ಪರೀಕ್ಷೆ ಬರೆದಿಲ್ಲ.

ವಿಚಿತ್ರವೆಂದರೆ ಕನ್ನಡಕ್ಕೆ ಈ ದಾರಿ ಹೊಸದಲ್ಲ. ‘ರಾಶಿ’ ಎಂದು ಎಲ್ಲರೂ ಬಲ್ಲ ಡಾ. ಎಂ. ಶಿವರಾಂ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಡಾ. ಅನುಪಮಾ ನಿರಂಜನ ತಾಯಂದಿರಿಗಾಗಿ ಬರೆದ ಪುಸ್ತಕ ಎಷ್ಟೋ ಬಾಣಂತಿಯರ ದಿಂಬಿನ ಪಕ್ಕದಲ್ಲಿತ್ತು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಪತ್ರಿಕೆಗಳಲ್ಲಿ, ಕಿರುಪುಸ್ತಕಗಳಲ್ಲಿ ಓದುಗರಿಗೆ ತಿಳಿಹೇಳಿದ್ದಾರೆ. ಅಂದರೆ ಕನ್ನಡದ ಸಾಮಾನ್ಯ ಓದುಗನಿಗೆ ಮನಸ್ಸಿನ ಬಗ್ಗೆ ಮಾತನಾಡುವ ಭಾಷೆ ಸಿಕ್ಕಿದೆ. ವೈದ್ಯ ವಿದ್ಯಾರ್ಥಿಯ ಪಠ್ಯದೊಳಗೆ ಮಾತ್ರ ಆ ಭಾಷೆ ಹೊಕ್ಕಿಲ್ಲ.

‘ಸಮಯ ಎಲ್ಲಿದೆ ಸ್ವಾಮಿ?’ ಎಂದು ವೈದ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸರ್ಕಾರಿ ಓಪಿಡಿಯಲ್ಲಿ ಒಂದು ಮಗುವಿಗೆ ನಾಲ್ಕು ನಿಮಿಷ ಸಿಕ್ಕರೆ ಪುಣ್ಯ. ಆದರೆ ಸಮಯವೊಂದೇ ಅಡ್ಡಿಯಾಗಿದ್ದರೆ ಹೆಚ್ಚು ಸಮಯವಿರುವ ದುಬಾರಿ ಕ್ಲಿನಿಕ್ಕುಗಳಲ್ಲಿ ಈ ಸಮಸ್ಯೆ ಇರಬಾರದಿತ್ತು. ಇಲ್ಲಿ ಡೊನಾಲ್ಡ್ ವಿನಿಕಾಟ್ ಎಂಬ ಇಂಗ್ಲಿಷ್ ಮಕ್ಕಳ ವೈದ್ಯನ ನೆನಪಾಗುತ್ತದೆ. ಮುಂದೆ ಮನೋವಿಶ್ಲೇಷಕನೆಂದು ಪ್ರಸಿದ್ಧನಾದ ಈತ 1923ರಿಂದ ಸುಮಾರು ನಲವತ್ತು ವರ್ಷ ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ಬಡವರ ಮಕ್ಕಳನ್ನು ನೋಡಿದವನು. 1941ರ ಒಂದು ಲೇಖನದಲ್ಲಿ ತನ್ನ ವಿಧಾನವನ್ನು ವಿವರಿಸಿದ್ದಾನೆ. ಮೇಜಿನ ಅಂಚಿನಲ್ಲಿ, ನಾಲಗೆ ಒತ್ತಿ ಗಂಟಲು ನೋಡುವ ಹೊಳೆಯುವ ಲೋಹದ ಪಟ್ಟಿ. ತಾಯಿಯ ಮಡಿಲಲ್ಲಿ ಒಂದು ವರ್ಷ ತುಂಬುವ ಆಸುಪಾಸಿನ ಕೂಸು. ತಾಯಿಗೆ ಒಂದೇ ಸೂಚನೆ: ನೀವೇನೂ ಮಾಡಬೇಡಿ, ಸುಮ್ಮನಿರಿ. ಕೂಸು ಪಟ್ಟಿಯತ್ತ ಕೈ ಚಾಚುತ್ತದೆ, ಅರ್ಧದಲ್ಲಿ ನಿಲ್ಲಿಸಿ ದೊಡ್ಡವರ ಮುಖ ನೋಡುತ್ತದೆ, ಧೈರ್ಯ ಬಂದ ಮೇಲೆ ಹಿಡಿದು ಬಾಯಿಗೆ ಹಾಕುತ್ತದೆ, ಆಡಿ ಸಾಕಾದಾಗ ಕೆಳಗೆ ಬೀಳಿಸುತ್ತದೆ. ಆ ಹಿಂಜರಿಕೆ ಎಷ್ಟು ಹೊತ್ತು ಉಳಿಯಿತು, ತಾಯಿ ಸುಮ್ಮನಿರಬಲ್ಲವಳಾದಳೇ, ಕೂಸು ಬೀಳಿಸಿದ್ದನ್ನು ಹಿಂದಕ್ಕೆ ಕೇಳಿತೇ ಎಂಬುದರಲ್ಲಿ ವಿನಿಕಾಟ್ ಮಗುವಿನ ಒಳಗನ್ನು ಓದುತ್ತಿದ್ದ. ಬೇಕಾದದ್ದು ಕೆಲವು ನಿಮಿಷ ಮತ್ತು ಆಗಲೇ ಮೇಜಿನ ಮೇಲಿದ್ದ ಒಂದು ಉಪಕರಣ. ಅವನ ಸಿದ್ಧಾಂತಗಳನ್ನೆಲ್ಲ ಒಪ್ಪಬೇಕಾಗಿಲ್ಲ. ನೋಡುವುದೂ ಪರೀಕ್ಷೆಯೇ ಎಂಬುದನ್ನು ಒಪ್ಪಿದರೆ ಸಾಕು.

ವೈದ್ಯರು ಬದಲಾಗಬಲ್ಲರು ಎನ್ನುವುದಕ್ಕೂ ಅದೇ ದೇಶದ ಸಾಕ್ಷಿಯಿದೆ. ಅಲ್ಲಿನ ಆಸ್ಪತ್ರೆಗಳಲ್ಲಿ ಒಂದು ಕಾಲಕ್ಕೆ ವಾರ್ಡಿನಲ್ಲಿರುವ ಮಗುವನ್ನು ನೋಡಲು ತಾಯಿಗೂ ಗಡಿಯಾರದ ಲೆಕ್ಕವಿತ್ತು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎರಡು ವರ್ಷದ ಹೆಣ್ಣುಮಗುವೊಂದು ಎಂಟು ದಿನ ಆಸ್ಪತ್ರೆಯಲ್ಲಿ ತಾಯಿಯಿಲ್ಲದೆ ಹೇಗೆ ಮೌನವಾಯಿತೆಂಬುದನ್ನು ಚಿತ್ರೀಕರಿಸಿ ತೋರಿಸಿದಾಗ ಮೊದಲು ಸಿಟ್ಟಾದವರು ವೈದ್ಯರೇ. 1959ರಲ್ಲಿ ಪ್ಲಾಟ್ ಸಮಿತಿ ಆ ನಿರ್ಬಂಧಗಳನ್ನು ತೆಗೆಯಲು ಹೇಳಿತು. ಇದೊಂದು ವಿಷಯದಲ್ಲಿ ನಮ್ಮ ಜಿಲ್ಲಾಸ್ಪತ್ರೆಗಳು ಮೊದಲಿನಿಂದಲೂ ಜಾಣತನ ತೋರಿವೆ. ತಾಯಿ ಅದೇ ಮಂಚದ ಮೇಲೆ, ಅಜ್ಜಿ ಮಂಚದ ಕೆಳಗೆ. ಸಿಬ್ಬಂದಿ ಕೊರತೆಯಿಂದ ಬಂದ ಜಾಣತನ ಅದು, ಇರಲಿ.

ಕೌಶಲವಿಲ್ಲದ ಕಡೆ ಪಟ್ಟಿಗಳು ಬಂದು ಕೂರುತ್ತವೆ. ಇದು ನಮ್ಮ ಇನ್ನೊಂದು ಆತಂಕ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಬೆಳವಣಿಗೆಯ ವಿಳಂಬವನ್ನೂ ತಪಾಸಣೆ ಮಾಡುತ್ತವೆ. ಉಪಯುಕ್ತ ಕೆಲಸ. ಆದರೆ ಪಟ್ಟಿಯಲ್ಲಿ ಟಿಕ್ ಬಿದ್ದ ಮೇಲೆ ಆ ಸುದ್ದಿಯನ್ನು ತಾಯಿಗೆ ಹೇಳುವವರು ಯಾರು, ಹೇಗೆ? ನಗರಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ತುಂಟ ಹುಡುಗನಿಗೆಲ್ಲ ಎಡಿಎಚ್‌ಡಿ ಎಂಬ ಮೂರು ನಾಲ್ಕು ಅಕ್ಷರದ ಮುದ್ರೆ, ಆಮೇಲೆ ತಿಂಗಳ ಲೆಕ್ಕದಲ್ಲಿ ಶುಲ್ಕ ಕಟ್ಟುವ ಥೆರಪಿಗಳ ಸಾಲು. ನಿಜಕ್ಕೂ ಆ ತೊಂದರೆಯಿರುವ ಮಗುವಿಗೆ ಚಿಕಿತ್ಸೆ ಬದುಕನ್ನೇ ಬದಲಿಸೀತು. ಅದನ್ನು ಅಲ್ಲಗಳೆಯುವವರ ಜೊತೆ ನಾವಿಲ್ಲ. ಆದರೆ ಹೆಸರಿಡಲು ಅವಸರಪಡದೆ ಎರಡು ಮೂರು ಭೇಟಿ ಕಾಯುವುದೂ, ಶಿಕ್ಷಕರನ್ನು ಕೇಳುವುದೂ, ಮನೆಯಲ್ಲಿ ಜಗಳವಿದೆಯೇ, ಮಗು ನಿದ್ದೆ ಮಾಡುತ್ತದೆಯೇ, ಕಿವಿ ಸರಿಯಾಗಿ ಕೇಳಿಸುತ್ತದೆಯೇ ಎಂದು ನೋಡುವುದೂ ಅದೇ ಕೌಶಲದ ಭಾಗ. ‘ಏನೂ ಇಲ್ಲ’ ಎನ್ನುವ ಡಾಕ್ಟರೂ ಎಲ್ಲರಲ್ಲೂ ಏನೋ ಇದೆ ಎನ್ನುವ ಡಾಕ್ಟರೂ ಮಗುವನ್ನು ಮಾತನಾಡಿಸದೆ ತೀರ್ಮಾನಕ್ಕೆ ಬರುವುದರಲ್ಲಿ ಒಂದೇ.

ಬೇರೆಡೆಗೆ ಕಳಿಸುವುದೂ ಒಂದು ವಿದ್ಯೆ. ‘ನನ್ನ ಕೈಲಾಗಲ್ಲ, ಮಾನಸಿಕ ಡಾಕ್ಟರಿಗೆ ತೋರಿಸಿ’ ಎಂದು ಚೀಟಿಯ ಹಿಂದೆ ಬರೆದುಕೊಟ್ಟರೆ ಮನೆಯವರಿಗೆ ಕೇಳಿಸುವುದು ‘ನಿಮ್ಮ ಮಗುವಿಗೆ ಹುಚ್ಚು’ ಎಂದೇ. ಆ ಚೀಟಿ ಮನೋವೈದ್ಯರ ಬಳಿ ಹೋಗುವುದಿಲ್ಲ. ಹೆಣ್ಣುಮಗುವಾದರೆ ನಾಳೆ ಮದುವೆಯ ಮಾತಿಗೆ ಅಡ್ಡಿಯೆಂದು ಹರಿದೇ ಹಾಕುತ್ತಾರೆ. ಅದಾದ ಮೇಲೆ ಮಂತ್ರಿಸಿದ ನೀರು, ತಾಯಿತ, ದರ್ಗಾ, ದೈವಸ್ಥಾನ, ಪ್ರಾರ್ಥನಾಕೂಟ. ನಮ್ಮ ನಾಡಿನಲ್ಲಿ ಯಾವ ಜಾತಿ ಧರ್ಮದವರೂ ಇದಕ್ಕೆ ಹೊರತಲ್ಲ. ಕೈಯಲ್ಲಿ ತಾಯಿತ ಕಂಡೊಡನೆ ಬಯ್ಯುವ ವೈದ್ಯರು ತಾವು ವಿಜ್ಞಾನದ ಪರ ನಿಂತೆವೆಂದು ತಿಳಿದಿರುತ್ತಾರೆ. ಆ ಬೈಗುಳದಿಂದ ತಾಯಿ ಕಲಿಯುವ ಪಾಠ ಒಂದೇ: ಮುಂದಿನ ಸಲ ತಾಯಿತ ಬಿಚ್ಚಿಟ್ಟು ಬರುವುದು. ‘ಅಲ್ಲಿಗೂ ಹೋಗಿದ್ರಾ, ಏನು ಹೇಳಿದ್ರು?’ ಎಂದು ಸಮಾಧಾನದಿಂದ ಕೇಳಿದರೆ ಮನೆಯವರು ಆ ತೊಂದರೆಯನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂಬುದು ತಿಳಿಯುತ್ತದೆ. ಫಿಟ್ಸ್ ಮಾತ್ರೆಯನ್ನು ಮಾತ್ರ ಯಾರು ಹೇಳಿದರೂ ನಿಲ್ಲಿಸಬೇಡಿ ಎಂಬ ಮಾತಿಗೆ ಆಗ ಬೆಲೆ ಬರುತ್ತದೆ. ಏನಾದರೂ ತೋಚದಿದ್ದಾಗ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯವರು ಪುಕ್ಕಟೆ ಕರೆಮಾಡಬಹುದು. ಆ ಸಂಖ್ಯೆಯನ್ನು ಚೀಟಿಯ ಮೇಲೆ ಬರೆದುಕೊಡುವುದಕ್ಕೆ ಯಾವ ತರಬೇತಿಯೂ ಬೇಡ.

ದೊಡ್ಡ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಹದಿನಾಲ್ಕರ ಹುಡುಗನನ್ನು ತಂದೆಯ ಎದುರಿಗೇ ‘ಏನಪ್ಪಾ ನಿನ್ನ ಪ್ರಾಬ್ಲಂ’ ಎಂದು ಕೇಳಿದರೆ ಅವನು ಗೋಡೆ ನೋಡುತ್ತಾನೆ. ಹದಿಹರೆಯದವರೊಂದಿಗೆ ಐದು ನಿಮಿಷ ಬೇರೆಯಾಗಿ ಮಾತನಾಡುವುದು, ಮನೆ, ಶಾಲೆ, ಗೆಳೆಯರಿಂದ ಆರಂಭಿಸಿ ನಿಧಾನವಾಗಿ ಕಠಿಣ ಪ್ರಶ್ನೆಗಳಿಗೆ ಬರುವುದು ಜಗತ್ತಿನ ಬೇರೆಡೆ ಮಕ್ಕಳ ವೈದ್ಯರು ರೂಢಿಯಿಂದ ಮಾಡುವ ಕೆಲಸ. ಬದುಕು ಬೇಡ ಎನಿಸಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಹಗುರವಾಗುತ್ತದೆ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ಲೆಕ್ಕ ಹೇಳುತ್ತದೆ. ಲೈಂಗಿಕ ದೌರ್ಜನ್ಯದ ವಿಷಯದಲ್ಲಿ 2012ರ ಪೋಕ್ಸೋ ಕಾಯ್ದೆ ವೈದ್ಯರೂ ಸೇರಿ ಎಲ್ಲರ ಮೇಲೂ ವರದಿ ಮಾಡುವ ಹೊಣೆ ಹೊರಿಸಿದೆ. ವರದಿ ಮಾಡದಿದ್ದರೆ ಶಿಕ್ಷೆಯಿದೆ. ಮಗು ಅರ್ಧ ಹೇಳಿ ನಿಲ್ಲಿಸಿದಾಗ ಬಾಯಿ ಬಿಡಿಸಲು ಒತ್ತಾಯಿಸದೆ, ಬಾಯಿಗೆ ಮಾತು ತುರುಕದೆ, ‘ನೀನು ಹೇಳಿದ್ದು ಒಳ್ಳೆಯದಾಯ್ತು’ ಎಂದು ಹೇಗೆ ಕೂರಬೇಕೆಂಬುದನ್ನು ಕಾಯ್ದೆ ಹೇಳಿಕೊಡಲಾರದು.

ಇನ್ನೊಂದು ಕಾನೂನಿನ ಮಾತು ಉಳಿದಿದೆ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 31ನೆಯ ಕಲಮು, ಸರ್ಕಾರಿ ಆರೋಗ್ಯ ಸಂಸ್ಥೆಗಳ ಎಲ್ಲ ವೈದ್ಯಾಧಿಕಾರಿಗಳಿಗೂ ಮೂಲಭೂತ ಮತ್ತು ತುರ್ತು ಮಾನಸಿಕ ಚಿಕಿತ್ಸೆಯ ತರಬೇತಿ ಕೊಡಬೇಕೆಂದು ಸರ್ಕಾರಗಳಿಗೆ ವಿಧಿಸಿದೆ. ‘ಕನಿಷ್ಠ ಇಷ್ಟಾದರೂ’ ಎಂಬ ಧ್ವನಿಯ ಪದವನ್ನೇ ಬಳಸಿದೆ. ಅದೇ ಕಲಮು ಮಾನಸಿಕ ಆರೋಗ್ಯ ಸಿಬ್ಬಂದಿಯ ಸಂಖ್ಯೆಯನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ತರುವ ಪ್ರಯತ್ನಕ್ಕೆ ಹತ್ತು ವರ್ಷದ ಗಡುವನ್ನೂ ಇಟ್ಟಿದೆ. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು, ಅಂದರೆ ಗಡುವು 2028ರ ಮೇ ತಿಂಗಳಿಗೆ. ಸಿಬ್ಬಂದಿಯ ಸಂಖ್ಯೆ ಅಷ್ಟರೊಳಗೆ ಏರುವ ಲಕ್ಷಣ ಕಾಣದು. ವೈದ್ಯರ ತರಬೇತಿಗಾದರೂ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಎಂಡಿ ಪರೀಕ್ಷೆಯ ದಿನ ಒಂದು ಮಗು ಮತ್ತು ಅದರ ತಾಯಿಯೊಂದಿಗೆ ಅಭ್ಯರ್ಥಿ ಹತ್ತು ನಿಮಿಷ ಮಾತನಾಡುವುದನ್ನು ಪರೀಕ್ಷಕರು ಕೂತು ನೋಡಿ ಅಂಕ ಕೊಡುವ ಒಂದು ನಿಯಮ ರಾಜೀವ್ ಗಾಂಧಿ ವಿಶ್ವವಿದ್ಯಾಲಯದಿಂದ ಹೊರಟರೂ ಸಾಕು, ಮರುವರ್ಷದಿಂದ ವಾರ್ಡುಗಳಲ್ಲಿ ಮಾತು ಶುರುವಾಗುತ್ತದೆ. ಆರೋಗ್ಯ ಇಲಾಖೆ ಈವರೆಗೆ ಎಷ್ಟು ಮಂದಿ ವೈದ್ಯಾಧಿಕಾರಿಗಳಿಗೆ ಎಷ್ಟು ದಿನದ ತರಬೇತಿ ಕೊಟ್ಟಿದೆ ಎಂಬ ಲೆಕ್ಕವನ್ನು ಜಿಲ್ಲಾವಾರು ಪ್ರಕಟಿಸಲಿ. ಅದರಲ್ಲಿ ಮಕ್ಕಳ ವೈದ್ಯರಿಗೆ ಒಂದು ಬೇರೆ ಕಾಲಂ ಇರಲಿ, ಅದು ಖಾಲಿಯಿದ್ದರೆ ಖಾಲಿಯಾಗಿಯೇ ಅಚ್ಚಾಗಲಿ.